ರಟ್ಟಿನ ಶಿರಸ್ತ್ರಾಣ

ನಾಟಕ ಹಾಗೂ ಛದ್ಮವೇಷಕ್ಕಾಗಿ ಕಾಗದ, ರಟ್ಟುಗಳಿಂದ ಮಾಡುವ ಹಗುರವಾದ ರಂಗಪರಿಕರ. ಕಿರೀಟ, ಗುರಾಣಿ, ಗದೆಗಳೂ ಇದೇ ಬಗೆಯವು. ಮೈಸೂರಿನಲ್ಲಿ ಇಂಥ ಕೈಕೆಲಸಕ್ಕೆ ರಂಗಭೂಮಿ ಒಂದು ಆಸರೆ. 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ಅಲ್ಲಿನ ರಂಗಾಯಣ ನಾಟಕ ಸಂಸ್ಥೆಯ ಬೇಸಿಗೆ ಶಿಬಿರ ಚಿಣ್ಣರ ಮೇಳದಲ್ಲಿ ಮಕ್ಕಳು ಮುಖವಾಡ ಮಾಡಲು ಕಲಿಯುತ್ತಾರೆ.

ಚಪ್ಪಟೆ ಹಾಳೆ ತಾನಾಗಿ ಗೋಳವಾಗದು. ಆದ್ದರಿಂದ ತಲೆಯ ದುಂಡನ್ನು ಹಲವು ಸಣ್ಣ ಮುಖಗಳಾಗಿ ಒಡೆದು, ಅಂಚಿಗೆ ಅಂಟುಪಟ್ಟಿ ಬಿಟ್ಟು ನಕ್ಷೆ ಮುದ್ರಿಸುತ್ತಾರೆ. ಜಪಾನಿನ ಪೆಪಕುರ ತಂತ್ರಾಂಶ ಮೂರು ಆಯಾಮದ ಮಾದರಿಯನ್ನು ಹೀಗೆ ಬಿಡಿಸಿಕೊಡುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಅಳತೆಯಲ್ಲಿ: 56 ಸೆಂ.ಮೀ. ಸುತ್ತಳತೆಯ ನಕ್ಷೆ 60 ಸೆಂ.ಮೀ. ತಲೆಗೆ ಬೇಕಾದರೆ ಎಲ್ಲ ಹಾಳೆಗಳನ್ನೂ ಸುಮಾರು ಶೇ. 107ಕ್ಕೆ ಹಿಗ್ಗಿಸಬೇಕು. ಒಂದು ಹಾಳೆ ತಪ್ಪಿದರೂ ಅಂಚುಗಳು ಕೂಡವು.

ಮಡಿಕೆಯ ಗೆರೆಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಮೊದಲೇ ಒತ್ತಿಕೊಂಡರೆ ಅಂಚು ಚೂಪಾಗಿ ನಿಲ್ಲುತ್ತದೆ. ಜೋಡಿಸಿದ ಮೇಲೆ ಒಳಗಿನಿಂದ ಮೈದಾ ಅಂಟು ಸವರಿದ ಹಳೆಯ ಪತ್ರಿಕೆಯ ಚೂರುಗಳನ್ನು ಪದರ ಪದರವಾಗಿ ಮೆತ್ತಬೇಕು. ಒಂದು ಪದರ ಪೂರ್ತಿ ಒಣಗುವ ಮುನ್ನ ಮತ್ತೊಂದನ್ನು ಹಚ್ಚಿದರೆ ಆಕಾರ ಕುಸಿಯುತ್ತದೆ. ಹುಳು ಹಿಡಿಯದಿರಲು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳ ಕೈಗೆ ಕೊಡಲೇಬಾರದು.