ಗಾಯಕ್ಕೆ ಅಂಟದ ಬಟ್ಟೆ

ವಯಸ್ಸಾದೋರ ಕೈಕಾಲಿನ ಚರ್ಮ ಈರುಳ್ಳಿ ಸಿಪ್ಪೆ ಹಂಗೆ ತೆಳ್ಳಗಾಗಿರತ್ತೆ. ಕಾಫಿ ಗಿಡದ ರೆಕ್ಕೆ ತಾಗಿದ್ರೂ ಸಾಕು, ಮಂಚದ ಕಾಲು ತಾಗಿದ್ರೂ ಸಾಕು, ಸುಲ್ಕೊಂಡು ಬರತ್ತೆ. ಗಾಯಕ್ಕಿಂತ ಮಾರನೇ ದಿನ ಬಟ್ಟೆ ಬಿಚ್ಚದೇ ದೊಡ್ಡ ಹಿಂಸೆ. ಹಳೇ ಪಂಚೆ ಹರಿದು ಕಟ್ಟಿರ್ತೀವಿ, ರಕ್ತ ಒಣಗಿ ಅಂಟ್ಕೊಂಡಿರತ್ತೆ, ಎಳೆದ್ರೆ ಹೊಸಾ ಚರ್ಮನೂ ಜೊತೆಗೇ ಬರತ್ತೆ.

ಅಂಟಬಾರದು ಅನ್ನೋದು ನಮ್ಮ ಹಳಬರಿಗೆ ಗೊತ್ತಿತ್ತು ಕಣ್ರೇ. ಕಾಫಿಪುಡಿ, ಕಮ್ಯುನಿಸ್ಟ್ ಗಿಡದ ರಸ ಎಲ್ಲ ರಕ್ತ ನಿಲ್ಸಕ್ಕೆ. ಮೈ ಸುಟ್ಟೋರನ್ನ ಮಾತ್ರ ಬಾಳೆಲೆ ಮೇಲೆ ಮಲಗಿಸ್ತಿದ್ರು.

ಆ ಕಡೆ ಯುರೋಪಿನಲ್ಲಿ 1914ರ ಮಹಾಯುದ್ಧ ಬಂದಾಗ ಗಾಯಾಳುಗಳಿಗೆ ಇದೇ ಕಷ್ಟ. ಫ್ರಾನ್ಸಿನ ಲಿಯೋನ್ ಊರಿನ ಆಗಸ್ಟ್ ಲೂಮಿಯೇರ್ ಇದಕ್ಕೊಂದು ದಾರಿ ಹುಡುಕಿದ. 1896ರಲ್ಲಿ ಬೊಂಬಾಯಿಗೆ ಮೊದಲು ಸಿನಿಮಾ ಬಂತಲ್ಲ, ಅದನ್ನ ಮಾಡಿದ ಅಣ್ಣತಮ್ಮಂದಿರಲ್ಲಿ ಅಣ್ಣನೇ ಇವನು! ಬಲೆಯಂಥ ಬಟ್ಟೆಗೆ ಮೆತ್ತನೆ ಪ್ಯಾರಾಫಿನ್ ಜಿಡ್ಡು ಹಿಡಿಸಿದ. ಜಿಡ್ಡಿದ್ರೆ ಬೇಗ ಅಂಟಲ್ಲ, ಕಣ್ಣುಕಣ್ಣಿನ ಬಟ್ಟೆಯಾದ್ರೆ ಕೀವು, ನೀರು ಹೊರಗೆ ಬರತ್ತೆ. ಅದರ ಹೆಸರು ಟುಲ್ ಗ್ರಾ. ಟುಲ್ ಅಂದ್ರೆ ಅಲ್ಲಿಯ ಮದುವಣಗಿತ್ತಿಯರ ಮುಸುಕಿನ ಬಟ್ಟೆ. ಈಗ ಮೆಡಿಕಲ್ ಶಾಪಿನಲ್ಲಿ ಸಿಗೋ ಪ್ಯಾರಾಫಿನ್ ಗಾಜ್ ಅದರದೇ ಸಂತತಿ.

ಗಾಯ ಗಾಳಿಗೆ ಬಿಟ್ಟು ಒಣಗಿಸ್ಬೇಕು ಅನ್ನೋ ಮಾತು ನಮ್ಮಲ್ಲಿ ಇನ್ನೂ ಇದೆ. 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿಮರಿಗಳ ಮೇಲೆ ಪರೀಕ್ಷೆ ಮಾಡಿ ಅದನ್ನ ತಲೆಕೆಳಗು ಮಾಡಿದ. ಪಾಲಿಥಿನ್ ಹಾಳೆ ಮುಚ್ಚಿ ಹಸಿಯಾಗಿಟ್ಟ ಗಾಯದ ಮೇಲೆ, ಹೆಕ್ಕಳ ಕಟ್ಟಿದ ಗಾಯಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬೇಗ ಚರ್ಮ ಬಂತು.

ನಂಗೆ ಖುಷಿಯಾಗಿದ್ದು ಮುಂಬೈ ಸಯನ್ ಆಸ್ಪತ್ರೆ ವಿಷಯ. ಅಲ್ಲಿ ಡಾ. ಮಾಧುರಿ ಗೋರೆ ಅವರು ಬಾಳೆಲೆಯನ್ನೇ ಶುದ್ಧಿ ಮಾಡಿಸಿ, ಚರ್ಮ ತೆಗೆದ ಜಾಗಕ್ಕೆ ಹಾಕಿ, ವ್ಯಾಸಲಿನ್ ಗಾಜ್ ಜೊತೆ ಹೋಲಿಸಿ ನೋಡಿದ್ರು. ಬಿಚ್ಚೋವಾಗ ಬಾಳೆಲೆಯಲ್ಲೇ ನೋವು ಕಮ್ಮಿ. 2003ರಲ್ಲಿ ಅದು ವೈದ್ಯರ ಪತ್ರಿಕೆಯಲ್ಲಿ ಬಂತು. ಹಂಗಂತ ಹಿತ್ತಲಿನ ಎಲೆ ಕೊಯ್ದು ಗಾಯಕ್ಕೆ ಕಟ್ಬೇಡಿ, ಅವರದ್ದು ಯಂತ್ರದಲ್ಲಿ ಹಬೆ ಕೊಟ್ಟು ಕ್ರಿಮಿ ಕೊಂದಿದ್ದು.

ಈಗ ಸಿಲಿಕಾನ್ ಬಲೆ ಬಂದಿದೆ. ಒಣ ಚರ್ಮಕ್ಕೆ ಹಿತವಾಗಿ ಹಿಡ್ಕೊಳತ್ತೆ, ಹಸಿ ಗಾಯಕ್ಕೆ ಅಂಟಲ್ಲ. ಆದ್ರೆ ದುಬಾರಿ, ನಮ್ಮ ಊರಲ್ಲಿ ಕೇಳಿದ ಕೂಡ್ಲೆ ಸಿಗದೂ ಇಲ್ಲ. ಪ್ಯಾರಾಫಿನ್ ಗಾಜ್ ಆದ್ರೂ ಮನೇಲಿರ್ಲಿ. ಸುಲಿದ ಚರ್ಮ ಕತ್ತರಿಸ್ಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ತೊಳೆದು, ಮೆಲ್ಲಗೆ ಜಾಗಕ್ಕೆ ಸರಿಸಿ, ಗಾಜ್ ಇಟ್ಟು, ಮೇಲೆ ಪಟ್ಟಿ ಸುತ್ತಿ. ಅಂಟೋ ಪ್ಲಾಸ್ಟರ್ ಚರ್ಮಕ್ಕೆ ತಾಗೋದೇ ಬೇಡ. ಸಕ್ಕರೆ ಕಾಯಿಲೆ ಇದ್ರೆ, ಗಾಯ ದೊಡ್ಡದಿದ್ರೆ ಡಾಕ್ಟ್ರಿಗೆ ತೋರ್ಸಿ, ಟಿಟಿ ಇಂಜೆಕ್ಷನ್ನೂ ಕೇಳಿ. ಪಟ್ಟಿ ಮೇಲೆ ಪೆನ್ನಲ್ಲಿ ಒಂದು ಬಾಣದ ಗುರುತು ಹಾಕಿ. ಚರ್ಮ ಯಾವ ಕಡೆ ಇನ್ನೂ ಹಿಡ್ಕೊಂಡಿದೆಯೋ ಆ ಕಡೆಯಿಂದಲೇ ಬಿಚ್ಚಕ್ಕೆ ಶುರು ಮಾಡ್ಬೇಕು, ಮರುದಿನ ಬೇರೆ ಯಾರೇ ಬಿಚ್ಚಿದ್ರೂ ಅದು ಗೊತ್ತಾಗ್ಬೇಕಲ್ಲ.