ರಾಮ್-ಲ್ಯಾಕ್ ಅಂದ್ರೆ ಯಾರು?

ಅಪ್ಪ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಸುದ್ದಿ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ಸಿಕ್ಕ ರಾತ್ರಿ ಬಸ್ಸು ಹತ್ತಿದೆ. ನಸುಕಿನಲ್ಲಿ ಕಿತ್ತೂರು ದಾಟುವಾಗ ತಮ್ಮನ ಫೋನು - "ಬೈಲಹೊಂಗಲಕ್ಕ ಬರಬ್ಯಾಡ, ಸೀದಾ ಬೆಳಗಾವಿಗೆ ಬಾ. ಸ್ಕ್ಯಾನ್ ಮಾಡಸಾಕತ್ತೇವಿ."

ಮಾನಿಟರಿನ ಮೇಲೆ ಅಪ್ಪನ ತಲೆಯೊಳಗಿನ ಬೂದು ಬಣ್ಣದ ಚಿತ್ರಗಳು ಒಂದೊಂದಾಗಿ ಬರುತ್ತಿದ್ದವು. ಅವ್ವ ಮೆಲ್ಲಗೆ ಕೇಳಿದಳು - "ತಲಿ ಕೊಯ್ಯಲಾರದ ಒಳಗಿಂದು ಹೆಂಗ ಕಾಣತೈತೋ?" "ಎಕ್ಸ್-ರೇ ಅವ್ವಾ" ಅಂದೆ. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಹೇಳೋಕೆ ಈ ಬರಹ.

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾನೂ ಇಂಥದ್ದೇ ಚಿತ್ರ ಮಾಡಿದ್ದೆ. ಮ್ಯಾಟ್‌ಲ್ಯಾಬ್‌ನಲ್ಲಿ ಒಂದೇ ಸಾಲಿನ ಕಮಾಂಡು. ಅದರಲ್ಲಿ ಫಿಲ್ಟರಿನ ಹೆಸರು 'ರಾಮ್-ಲ್ಯಾಕ್'. ಯಾವುದೋ ಫಾರಿನ್ ಕಂಪನಿ ಇರಬೇಕು ಅಂದುಕೊಂಡು ಟೈಪ್ ಮಾಡಿ, ಮಾರ್ಕ್ಸ್ ತಗೊಂಡು ಹೊರಬಂದೆ. ಗೈಡ್ ಮೇಡಂ "ಇದರಲ್ಲೇ ಪಿಎಚ್‌ಡಿ ಮಾಡು" ಅಂದಿದ್ದರು. ಮನೆಯಲ್ಲಿ ಸಾಲ ಇತ್ತು, ಕೈಯಲ್ಲಿ ಕ್ಯಾಂಪಸ್ ನೌಕರಿ ಇತ್ತು. ಮಾಡಲಿಲ್ಲ.

ರಾಮ್ ಅಂದ್ರೆ ರಾಮಚಂದ್ರನ್, ಲ್ಯಾಕ್ ಅಂದ್ರೆ ಲಕ್ಷ್ಮೀನಾರಾಯಣನ್ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ!

ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಈಗಿನ ಹುಡುಗರು ಐಐಎಸ್‌ಸಿ ಅಂತಾರೆ) ಸೇರಿದ್ದು ನಮ್ಮ ಹಾಗೆ ಇಂಜಿನಿಯರಿಂಗ್ ಓದೋಕೆ, ಎಲೆಕ್ಟ್ರಿಕಲ್. ಸರ್ ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಆಮೇಲೆ ಕೇಂಬ್ರಿಜ್, ಮದ್ರಾಸು. ಮದ್ರಾಸಿನಲ್ಲಿ ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಪ್ರೋಟೀನು ಮೂರೆಳೆಯ ಹುರಿ ಹಾಗಿದೆ ಅಂತ ತೋರಿಸಿದರು. 1963ರ 'ರಾಮಚಂದ್ರನ್ ಪ್ಲಾಟ್' ಬಯಾಲಜಿ ಓದಿದವರಿಗೆಲ್ಲ ಗೊತ್ತು. 1971ರ ಹೊತ್ತಿಗೆ ಬೆಂಗಳೂರಿಗೆ ಮರಳಿ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

ಆಗಿನ ಸಮಸ್ಯೆ ಇದು. ಎಲೆಕ್ಟ್ರಾನ್ ಮೈಕ್ರೋಸ್ಕೋಪು ಕೊಡೋದು ಚಪ್ಪಟೆ ಚಿತ್ರ, ಅಂದರೆ ಒಂದು ಥರದ ನೆರಳು. ಬೇರೆ ಬೇರೆ ದಿಕ್ಕಿನ ನೆರಳುಗಳಿಂದ ಮೂಲ ವಸ್ತುವನ್ನು ಕಟ್ಟಬಹುದು ಅಂತ 1917ರಲ್ಲೇ ರಾಡಾನ್ ಎಂಬ ಗಣಿತಜ್ಞ ಸಾಧಿಸಿದ್ದ. 1968ರಲ್ಲಿ ಕೇಂಬ್ರಿಜ್‌ನ ಡಿರೋಸಿಯರ್ ಮತ್ತು ಕ್ಲೂಗ್ ಒಂದು ವೈರಸ್ಸಿನ ಬಾಲವನ್ನು ಹಾಗೆ ಕಟ್ಟಿಯೂ ತೋರಿಸಿದರು. ಆದರೆ ಅವರ ದಾರಿ ಫೂರಿಯರ್ ಟ್ರಾನ್ಸ್‌ಫಾರ್ಮ್ ಮೂಲಕ. ಅಂದಿನ ಕಂಪ್ಯೂಟರುಗಳಿಗೆ ಅದು ಭಾರೀ ಲೆಕ್ಕ.

1971ರ ಸೆಪ್ಟೆಂಬರಿನಲ್ಲಿ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ಪತ್ರಿಕೆಯೊಂದರಲ್ಲಿ ಐದು ಪುಟದ ಲೇಖನ ಬರೆದರು. ಫೂರಿಯರ್ ಬೇಡ, ಕಾನ್ವಲ್ಯೂಷನ್ ಸಾಕು ಅನ್ನೋದು ಅದರ ಸಾರ. ನೆರಳುಗಳನ್ನು ಬಂದ ದಾರಿಯಲ್ಲೇ ವಾಪಸ್ ಹರಡಿ ಕೂಡಿಸಿದರೆ ಚಿತ್ರ ಬರುತ್ತೆ, ಆದರೆ ಮಸುಕು ಮಸುಕು. ಹರಡುವ ಮೊದಲು ಪ್ರತಿ ನೆರಳನ್ನೂ ಒಂದು ಸಣ್ಣ ಸಂಖ್ಯೆಗಳ ಪಟ್ಟಿಯಿಂದ ತಿದ್ದಬೇಕು. ಪಟ್ಟಿ ಹೀಗಿದೆ: ನಡುವೆ 0.25, ಎರಡೂ ಪಕ್ಕ ಮೈನಸ್ 0.101, ಅದರಾಚೆ 0, ಆಮೇಲೆ ಮೈನಸ್ 0.011, ಮತ್ತೆ 0... ಕೊನೆವರೆಗೂ ಕೂಡಿದರೆ ಮೊತ್ತ ಸೊನ್ನೆ! ಬರೀ ಗುಣಾಕಾರ, ಸಂಕಲನ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎರಡು ಫಾರ್ ಲೂಪು.

ರೇಡಿಯೋ ದೂರದರ್ಶಕದವರಿಗಾಗಿ ಬ್ರೇಸ್‌ವೆಲ್ ಮತ್ತು ರಿಡ್ಲ್ 1967ರಲ್ಲೇ ಇಂಥದ್ದೇ ದಾರಿ ಕಂಡುಕೊಂಡಿದ್ದರು. ಅದನ್ನೂ ಹೇಳಬೇಕು. ಎಲ್ಲ ನಮ್ಮವರೇ ಮೊದಲು ಅನ್ನೋ ಚಾಳಿ ಬೇಡ, ಅಲ್ವಾ?

ಆ ಲೇಖನ ಬಂದ ಮುಂದಿನ ತಿಂಗಳೇ, 1971ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್‌ನ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯನ್ನು ಸ್ಕ್ಯಾನ್ ಮಾಡಿತು. ಆತನ ಲೆಕ್ಕದ ವಿಧಾನ ಬೇರೆ, ನಿಧಾನದ್ದು. ನಂತರದ ಯಂತ್ರಗಳು ದಶಕಗಳ ಕಾಲ ನಡೆದದ್ದು ಕಾನ್ವಲ್ಯೂಷನ್ ದಾರಿಯಲ್ಲೇ. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್‌ಗೆ ಹೋಯಿತು. ರಾಮಚಂದ್ರನ್ 2001ರಲ್ಲಿ ತೀರಿಕೊಂಡರು. ಮ್ಯಾಟ್‌ಲ್ಯಾಬ್ ಕಮಾಂಡಿನಲ್ಲಿ ಅರ್ಧ ಹೆಸರು ಉಳಿದಿದೆ.

ಇನ್ನು ಬೆಳಕಿನ ಮೈಕ್ರೋಸ್ಕೋಪಿನ ಕಥೆ. 1873ರಲ್ಲಿ ಜರ್ಮನಿಯ ಅಬ್ಬೆ ಒಂದು ಗೆರೆ ಎಳೆದ: ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆ ಬೇರೆ ಬೇರೆ ಕಾಣೋದಿಲ್ಲ, ಲೆನ್ಸು ಎಷ್ಟೇ ಚೆನ್ನಾಗಿರಲಿ. ಅಜ್ಜಿಯ ಊರು ಸವದತ್ತಿ ಗುಡ್ಡದ ಹತ್ತಿರ. ಎಲ್ಲಮ್ಮನ ಜಾತ್ರೆಗೆ ರಾತ್ರಿ ಬರುವ ಚಕ್ಕಡಿಗಳ ಕಂದೀಲು ದೂರದಿಂದ ಒಂದೇ ಬೆಳಕಿನ ಮುದ್ದೆ ಹಾಗೆ ಕಾಣುತ್ತಿದ್ದವು. ಎಷ್ಟು ಚಕ್ಕಡಿ ಅಂತ ಹೇಳೋಕೆ ಆಗ್ತಿರಲಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಕಂದೀಲು ಹೊತ್ತಿಕೊಂಡು ಆರಿದರೆ? ಆ ಮಸುಕಿನ ನಟ್ಟನಡುವೆ ಒಂದು ಚುಕ್ಕೆ ಇಡಬಹುದು. ಹಾಗೇ ಎಲ್ಲವಕ್ಕೂ ಚುಕ್ಕೆ ಇಟ್ಟರೆ ಸಾಲು ಪೂರ್ತಿ ಸಿಗುತ್ತೆ.

2006ರಲ್ಲಿ ಬಂದ ಪಾಮ್, ಸ್ಟಾರ್ಮ್ ಎಂಬ ವಿಧಾನಗಳು ಮಾಡೋದು ಇದನ್ನೇ, ಹೊಳೆಯುವ ಅಣುಗಳ ಜೊತೆ. ನಡುಬಿಂದು ಎಷ್ಟು ನಿಖರ ಅನ್ನೋದು ಎಷ್ಟು ಬೆಳಕಿನ ಕಣ ಸಿಕ್ಕವು ಅನ್ನೋದರ ಮೇಲೆ ನಿಂತಿದೆ: 100 ಕಣ ಸಿಕ್ಕರೆ ಮಸುಕಿನ ಹತ್ತನೇ ಒಂದು ಭಾಗದಷ್ಟು, 10,000 ಸಿಕ್ಕರೆ ನೂರನೇ ಒಂದು ಭಾಗದಷ್ಟು. ಲೆನ್ಸು ಹಳೇದೇ, ಗೆರೆ ದಾಟಿಸಿದ್ದು ಮಿನುಗುವ ಅಣು ಮತ್ತು ಲೆಕ್ಕ. 2014ರ ನೊಬೆಲ್ ಈ ಕ್ಷೇತ್ರಕ್ಕೆ - ಬೆಟ್ಜಿಗ್, ಹೆಲ್, ಮೋರ್ನರ್. ಎರಡು ಕಂದೀಲು ಒಟ್ಟಿಗೆ ಹೊತ್ತಿದರೆ ಬೇರ್ಪಡಿಸೋದು ಹೇಗೆ, ಇಲ್ಲದ ಚುಕ್ಕೆಯನ್ನು ಗಣಿತವೇ ಹುಟ್ಟಿಸಿತೋ ಅಂತ ಪತ್ತೆ ಮಾಡೋದು ಹೇಗೆ... ಗಣಿತದಲ್ಲಿ ಪಿಎಚ್‌ಡಿ ಮಾಡುವವರು ಇವತ್ತೂ ತಲೆ ಕೆಡಿಸಿಕೊಳ್ಳೋದು ಇಂಥ ಪ್ರಶ್ನೆಗಳಿಗೆ. ನಾನು ಬಿಟ್ಟು ಬಂದ ಬಾಗಿಲು ಅದೇ.

ರಾಮದುರ್ಗದ ನನ್ನ ಗೆಳೆಯ ಪಿಯು ಹುಡುಗರಿಗೆ ಗಣಿತ ಹೇಳ್ತಾನೆ. "ಏನ್ ಹೇಳಿದ್ರೂ 'ಸಿಇಟಿಗೆ ಬರತೈತೇನ್ರಿ ಸರ' ಅಂತ ಕೇಳ್ತಾವ" ಅಂತ ಅವನ ಗೋಳು. ಅವರಿಗೆ ಈ ಐದು ಪುಟದ ಕಥೆ ಹೇಳು ಅಂದಿದ್ದೀನಿ. ಸಾಲ ಇರೋ ಮನೆಯ ಹುಡುಗರಿಗೆ ನೌಕರಿ ಬೇಡ ಅನ್ನೋ ಧೈರ್ಯ ನನಗಿಲ್ಲ. ಆದರೆ ಯಾವ ಬಾಗಿಲು ಅಂತ ನೋಡಿಯಾದರೂ ಮುಂದೆ ಹೋಗಲಿ. ನಾನು ಅದನ್ನೂ ನೋಡಿರಲಿಲ್ಲ.

ಅಪ್ಪನ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿರಲಿಲ್ಲ. ನಾಲ್ಕು ಹೊಲಿಗೆ, ಅಷ್ಟೇ. ಊರಿಗೆ ಮರಳುವಾಗ ಗಾಡಿಯಲ್ಲಿ ಅವ್ವನಿಗೆ ನೆರಳಿನ ಲೆಕ್ಕ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ ಅಂದಳು - "ಅಂದ್ರ ಮಷೀನ್ ನೋಡೂದಿಲ್ಲ, ಲೆಕ್ಕಾನ ನೋಡತೈತಿ ಅನ್ನು."

ಹೌದವ್ವಾ, ಅಷ್ಟೇ.