ನಮ್ಮ ಹಳೆಯ ಲಾರಿ ಕಂಪನಿಗಳು: ಬರೆದಿಡಬೇಕಾದ ಒಂದು ಚರಿತ್ರೆ



ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ರಾಜರು, ಕೋಟೆಗಳು, ಯುದ್ಧಗಳು. ಶಾಲೆಯಲ್ಲಿ ನಾವು ಹೆಚ್ಚಾಗಿ ಓದಿದ್ದೂ ಅದನ್ನೇ. ಆದರೆ ಘಟ್ಟದ ಮೇಲಿನ ಅಕ್ಕಿ, ಬೆಲ್ಲ ಕರಾವಳಿಯ ಅಂಗಡಿಗಳಿಗೆ ಹೇಗೆ ಇಳಿದು ಬರುತ್ತಿತ್ತು? ಮಂಗಳೂರಿನ ಹೆಂಚು ಘಟ್ಟ ಹತ್ತಿ ಮಲೆನಾಡಿನ ಮನೆಗಳ ಮಾಡು ಸೇರಿದ್ದು ಹೇಗೆ? ಇದನ್ನು ಹೇಳಬಲ್ಲವರು ಲಾರಿ ಆಫೀಸಿನ ಹಳೆಯ ಗುಮಾಸ್ತರು, ಡ್ರೈವರುಗಳು, ಕ್ಲೀನರುಗಳು, ಗ್ಯಾರೇಜಿನ ಮಿಸ್ತ್ರಿಗಳು. ಅವರಲ್ಲಿ ಎಷ್ಟೋ ಮಂದಿ ನಮ್ಮ ನಿಮ್ಮ ಮನೆಯ ಹಿರಿಯರೇ ಆಗಿದ್ದಾರೆ.

ಆ ಕಾಲದ ಲಾರಿ ಕಂಪನಿಗಳು ಹೇಗೆ ಹುಟ್ಟಿದವು, ಹೇಗೆ ನಡೆದವು, ಯಾಕೆ ಒಂದೊಂದಾಗಿ ಮರೆಯಾದವು ಎಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿ ನಿಮ್ಮ ಮುಂದಿಡುತ್ತೇನೆ. ಕೊನೆಯಲ್ಲಿ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿಯೂ ಇದೆ.

ಎತ್ತಿನ ಗಾಡಿಯಿಂದ ಲಾರಿಗೆ

ಮಂಗಳೂರಿಗೆ 1907ರಲ್ಲೇ ಮಲಬಾರಿನ ಕಡೆಯಿಂದ ರೈಲು ಬಂದಿತ್ತು. ಆದರೆ ಘಟ್ಟ ಹತ್ತಿ ಹಾಸನ ಸೇರುವ ರೈಲು ಹಳಿ ಆದದ್ದು 1979ರಲ್ಲಿ. ಕರಾವಳಿಯ ಉದ್ದಕ್ಕೂ ಓಡುವ ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅಲ್ಲಿಯವರೆಗೆ ಕರಾವಳಿಗೂ ಘಟ್ಟದ ಮೇಲಿನ ಊರುಗಳಿಗೂ ನಡುವೆ ಸರಕು ಸಾಗಬೇಕಾದರೆ ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆಯ ರಸ್ತೆಗಳೇ ಗತಿ. ಮೊದಲು ಆ ರಸ್ತೆಗಳಲ್ಲಿ ಎತ್ತಿನ ಗಾಡಿಗಳು ನಡೆದವು. ಆಮೇಲೆ ಲಾರಿಗಳು ಬಂದವು. ಕೊಡಗು, ಚಿಕ್ಕಮಗಳೂರಿನ ಕಾಫಿ ಸಂಸ್ಕರಣೆಗೆಂದು ಮಂಗಳೂರಿಗೆ ಇಳಿಯುತ್ತಿತ್ತು. ಇಲ್ಲಿಂದ ಹೆಂಚು, ಒಣಮೀನು, ಉಪ್ಪು, ತೆಂಗಿನಕಾಯಿ ಮೇಲಕ್ಕೆ ಹೋಗುತ್ತಿದ್ದವು.

ಮೊದಮೊದಲು ಬಂದ ಲಾರಿಗಳು ಫೋರ್ಡ್, ಷೆವರ್ಲೆಯಂಥ ವಿದೇಶಿ ಕಂಪನಿಗಳವು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ವಾಹನ ಜೋಡಿಸುವ ಕಾರ್ಖಾನೆ ತೆರೆದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲಿನಿಂದ ಗ್ಯಾಸು ಉತ್ಪಾದಿಸಿ ಬಸ್ಸು, ಲಾರಿಗಳನ್ನು ಓಡಿಸಿದರು. ವಾಹನಕ್ಕೆ ಡ್ರಮ್ಮಿನಂಥ ಒಂದು ಒಲೆಯನ್ನೇ ಕಟ್ಟಿಕೊಂಡು ಹೋಗಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಕೊಟ್ಟ ಹಳೆಯ ಲಾರಿಗಳನ್ನು ಹರಾಜಿನಲ್ಲಿ ಹಿಡಿದು ಎಷ್ಟೋ ಮಂದಿ ಈ ವ್ಯಾಪಾರಕ್ಕೆ ಇಳಿದರು.

1954ರಲ್ಲಿ ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದಲ್ಲಿ ಜಮ್‌ಶೇಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಆ ಸಹಯೋಗ 1969ರಲ್ಲಿ ಮುಗಿದಾಗ ಲಾರಿಯ ಮೂತಿಯ ಮೇಲಿದ್ದ ನಕ್ಷತ್ರ ಹೋಗಿ ಟಾಟಾದ 'ಟಿ' ಅಕ್ಷರ ಬಂತು. ಆದರೂ ಹಳಬರು ಅದನ್ನು ಬೆಂಜ್ ಲಾರಿ ಎಂದೇ ಕರೆದರು. ಮದ್ರಾಸಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಇವಲ್ಲದೆ ಡಾಜ್, ಫಾರ್ಗೊ, ಬೆಡ್‌ಫೋರ್ಡ್ ಲಾರಿಗಳೂ ನಮ್ಮ ರಸ್ತೆಗಳಲ್ಲಿ ಓಡಿದವು.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ಆಗ ಕಾರ್ಖಾನೆಯಿಂದ ಬರುತ್ತಿದ್ದುದು ಹೆಚ್ಚಾಗಿ ಎಂಜಿನ್ನು, ಚಾಸಿಸ್ ಮಾತ್ರ. ಡ್ರೈವರ್ ಕೂರುವ ಕ್ಯಾಬಿನ್, ಹಿಂದಿನ ಮರದ ಬಾಡಿ, ಸೀಟು, ಬಣ್ಣ ಎಲ್ಲವೂ ಊರಿನ ಬಡಗಿ, ವೆಲ್ಡರ್, ಟಿಂಕರ್, ಪೇಂಟರುಗಳ ಕೈಕೆಲಸ. ತಮಿಳುನಾಡಿನ ನಾಮಕ್ಕಲ್ ಈ ಬಾಡಿ ಕಟ್ಟುವ ಕಸುಬಿನಿಂದಲೇ ದೇಶಕ್ಕೆಲ್ಲ ಹೆಸರಾಯಿತು. ನಮ್ಮ ಊರುಗಳಲ್ಲೂ ಒಂದೊಂದು ಲಾರಿ ಆಫೀಸಿನ ಸುತ್ತ ಇಂಥ ಹತ್ತಾರು ಕುಟುಂಬಗಳು ಬದುಕಿದವು.

ಗಡಿಗಳು ಹುಟ್ಟಿಸಿದ ಕಂಪನಿಗಳು

ಹಳೆಯ ಲಾರಿ ಕಂಪನಿಗಳಲ್ಲಿ ಹೆಚ್ಚಿನವು ಒಂದೆರಡು ಜಿಲ್ಲೆಗಳಿಗೆ ಸೀಮಿತವಾಗಿದ್ದವು. ಮಾಲೀಕರಿಗೆ ಧೈರ್ಯ ಇರಲಿಲ್ಲ ಎಂದಲ್ಲ; ಕಾನೂನೇ ಹಾಗಿತ್ತು. 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ಪ್ರದೇಶದ ಸಾರಿಗೆ ಪ್ರಾಧಿಕಾರ ಕೊಟ್ಟ ಪರ್ಮಿಟ್ ಇನ್ನೊಂದು ಪ್ರದೇಶದಲ್ಲಿ ನಡೆಯಬೇಕಾದರೆ ಅಲ್ಲಿನ ಪ್ರಾಧಿಕಾರದ ಮೇಲುರುಜು ಬೇಕಾಗಿತ್ತು.

ಆಗಿನ ನಮ್ಮ ನಕ್ಷೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬಯಿಗೆ ಸೇರಿದ್ದವು. ಗುಲ್ಬರ್ಗ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿನಲ್ಲಿದ್ದವು. ಮೈಸೂರು ಬೇರೆ, ಕೊಡಗು ಬೇರೆ. ಮಂಗಳೂರಿನ ಲಾರಿ ಮಡಿಕೇರಿ ದಾರಿಯಾಗಿ ಮೈಸೂರಿಗೆ ಹೋಗಬೇಕಾದರೆ ಮೂರು ಆಡಳಿತಗಳ ನೆಲವನ್ನು ದಾಟಬೇಕಿತ್ತು. ಹುಬ್ಬಳ್ಳಿಯ ಲಾರಿ ಹರಿಹರದ ತುಂಗಭದ್ರೆ ದಾಟಿದರೆ ಬೇರೆ ರಾಜ್ಯ. ಹೀಗಾಗಿ ಒಂದು ಕಂಪನಿಯ ಲಾರಿ ತಂದ ಸರಕನ್ನು ಮುಂದಕ್ಕೆ ಇನ್ನೊಂದು ಕಂಪನಿ ಹೊರುತ್ತಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದದ್ದು ಭಾಷೆಯ ಸಂಭ್ರಮ ಮಾತ್ರ ಅಲ್ಲ, ಲಾರಿಯವರ ಪಾಲಿಗೆ ದಾರಿಯೂ ತೆರೆದಂತಾಯಿತು.

1959ರಲ್ಲಿ ಎಂ.ಆರ್. ಮಸಾನಿ ಅಧ್ಯಕ್ಷತೆಯ ಸಮಿತಿ ಪರ್ಮಿಟ್ ನಿಯಮಗಳನ್ನು ಸಡಿಲಿಸಬೇಕೆಂದು ಸಲಹೆ ಮಾಡಿತು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಯೋಜನೆ ಬಂತು. ಹಲವು ರಾಜ್ಯಗಳಲ್ಲಿ ಒಂದೇ ಲಾರಿ ಓಡಾಡುವುದು ಆಗ ಸುಲಭವಾಯಿತು.

ಬಿಲ್ಟಿ ಎಂಬ ಚೀಟಿ

ಲಾರಿ ಆಫೀಸು ಎಂದರೆ ಒಂದು ಗೋಡೌನು, ಒಂದು ತೂಕದ ಯಂತ್ರ, ಒಂದು ಮೇಜು, ನಾಲ್ಕಾರು ಹಮಾಲಿಗಳು. ಅಲ್ಲಿ ಅತಿ ಬೆಲೆಬಾಳುವ ವಸ್ತು ಲಾರಿಯಲ್ಲ, ಒಂದು ಪುಸ್ತಕ. ಅದುವೇ ಲಾರಿ ರಸೀದಿ ಪುಸ್ತಕ. ಕೆಲವರು ಎಲ್.ಆರ್. ಎನ್ನುತ್ತಾರೆ, ಕೆಲವರು ಬಿಲ್ಟಿ ಎನ್ನುತ್ತಾರೆ. ಕಳಿಸಿದವರು ಯಾರು, ಪಡೆಯುವವರು ಯಾರು, ಎಷ್ಟು ಚೀಲ, ಎಷ್ಟು ತೂಕ, ಬಾಡಿಗೆ ಕೊಟ್ಟಾಗಿದೆಯೇ ಅಥವಾ ಪಡೆಯುವವರು ಕೊಡಬೇಕೇ, ಎಲ್ಲವೂ ಅದರಲ್ಲಿ ಇರುತ್ತಿತ್ತು.

ಈ ಚೀಟಿಯ ಶಕ್ತಿ ಎಷ್ಟೆಂದು ನೋಡಿ. ಹುಬ್ಬಳ್ಳಿಯ ವರ್ತಕ ಮಂಗಳೂರಿನ ಅಪರಿಚಿತ ವರ್ತಕನಿಗೆ ಮೆಣಸಿನಕಾಯಿ ಕಳಿಸಬೇಕು ಎಂದಿಟ್ಟುಕೊಳ್ಳಿ. ಹಣ ಬರುವುದೆಂಬ ಖಾತ್ರಿ ಇಲ್ಲ. ಆಗ ಅವನು ಬಿಲ್ಟಿಯನ್ನು ನೇರವಾಗಿ ಕಳಿಸದೆ ಬ್ಯಾಂಕಿನ ಮೂಲಕ ಕಳಿಸುತ್ತಾನೆ. ಮಂಗಳೂರಿನವನು ಬ್ಯಾಂಕಿಗೆ ಹಣ ಕಟ್ಟಿ ಬಿಲ್ಟಿ ಬಿಡಿಸಿಕೊಳ್ಳಬೇಕು. ಆ ಬಿಲ್ಟಿ ತೋರಿಸಿದರೆ ಮಾತ್ರ ಲಾರಿ ಆಫೀಸಿನವರು ಸರಕು ಕೊಡುತ್ತಾರೆ. ಹೀಗೆ ಒಬ್ಬರ ಮುಖ ಒಬ್ಬರು ನೋಡದವರ ನಡುವೆ ವ್ಯಾಪಾರ ನಡೆಯಿತು.

ಈ ನಂಬಿಕೆಗೆ ಕಾನೂನಿನ ಬಲವೂ ಇತ್ತು. 1865ರ ಕ್ಯಾರಿಯರ್ಸ್ ಕಾಯ್ದೆಯಂತೆ ಸಾಗಣೆಗೆ ಒಪ್ಪಿಸಿದ ಸರಕು ಕಳೆದುಹೋದರೆ, ಕಂಪನಿಯವರು ನಿರ್ಲಕ್ಷ್ಯ ಮಾಡಿದರೆಂದು ವರ್ತಕ ಸಾಬೀತು ಮಾಡಬೇಕಾಗಿರಲಿಲ್ಲ. ಹೊಣೆ ತಪ್ಪಿಸಿಕೊಳ್ಳಲು ಬಿಲ್ಟಿಯ ಮೇಲೆ 'ಓನರ್ಸ್ ರಿಸ್ಕ್' ಎಂದು ಅಚ್ಚು ಹಾಕಿಸುವುದೂ ನಡೆಯಿತು. ಆ ಹಳೆಯ ಕಾಯ್ದೆಯ ಬದಲಿಗೆ 2007ರಲ್ಲಿ ಹೊಸ ಕಾಯ್ದೆ ಬಂತು.

ಚೀಲಕ್ಕೆ ಚೀಟಿ, ಮನುಷ್ಯನಿಗೆ ಇಲ್ಲ

ಇಲ್ಲಿ ನಾವು ನಿಂತು ಯೋಚಿಸಬೇಕು. ಲಾರಿಯಲ್ಲಿದ್ದ ಪ್ರತಿಯೊಂದು ಚೀಲಕ್ಕೂ ಒಂದು ಚೀಟಿ ಇತ್ತು. ಆದರೆ ಅದನ್ನು ಹೊತ್ತು ತಂದ ಡ್ರೈವರ್ ಮತ್ತು ಕ್ಲೀನರನ ಹೆಸರಿನಲ್ಲಿ ಏನಿತ್ತು? ನೇಮಕದ ಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ. ಟ್ರಿಪ್ಪಿಗೆ ಇಷ್ಟು ಬೇಟಾ ಎಂಬ ಬಾಯಿಮಾತೇ ಕರಾರು.

ಕ್ಲೀನರ್ ಎಂದರೆ ಹೆಚ್ಚಾಗಿ ಶಾಲೆ ಬಿಟ್ಟ ಹುಡುಗ. ಲಾರಿ ತೊಳೆಯುವುದು, ರೇಡಿಯೇಟರಿಗೆ ನೀರು ಹಾಕುವುದು, ಟರ್ಪಾಲು ಕಟ್ಟುವುದು, ಪಂಕ್ಚರಾದರೆ ಜಾಕಿ ಇಡುವುದು ಅವನ ಕೆಲಸ. ಘಟ್ಟದಲ್ಲಿ ಲಾರಿ ನಿಂತರೆ ಮರದ ತುಂಡು ಹಿಡಿದು ಓಡಿ ಚಕ್ರಕ್ಕೆ ಒತ್ತು ಕೊಡಬೇಕಾದವನೂ ಅವನೇ. ಕೈ ಸ್ವಲ್ಪ ತಡವಾದರೆ ಪ್ರಾಣಕ್ಕೇ ಅಪಾಯ. ಡ್ರೈವರನನ್ನು ಉರ್ದು ಮಾತಾಡುವವರು ಉಸ್ತಾದ್ ಎಂದು ಕರೆದರು. ನಿಜಕ್ಕೂ ಅದೊಂದು ಗುರುಕುಲವೇ ಆಗಿತ್ತು. ಎಂಜಿನ್ನಿನ ಶಬ್ದ ಕೇಳಿಯೇ ಎಲ್ಲಿ ದೋಷ ಎಂದು ಹೇಳುವ ವಿದ್ಯೆ ಅಲ್ಲಿ ಸಿಗುತ್ತಿತ್ತು. ಅಕ್ಷರ ಮಾತ್ರ ಸಿಗುತ್ತಿರಲಿಲ್ಲ.

ಅಕ್ಷರ ಬಾರದವರು ಚೀಲದ ಮೇಲಿನ ಗುರುತು ನೋಡಿ ಸರಕು ಗುರುತಿಸಿದರು. ಸೇತುವೆ, ಮರ, ಹೋಟೆಲು ನೋಡಿ ದಾರಿ ನೆನಪಿಟ್ಟರು. ಅಲ್ಲಿಯವರೆಗೆ ಸರಿ. ಆದರೆ ಚೆಕ್‌ಪೋಸ್ಟಿನಲ್ಲಿ ಕಾಗದ ಕೇಳಿದಾಗ, ಅಪಘಾತವಾಗಿ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡಾಗ, ಅದರಲ್ಲಿ ಏನಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರ ಪಾಡೇನು? 1923ರ ಕಾರ್ಮಿಕ ಪರಿಹಾರ ಕಾಯ್ದೆ ಲಾರಿಯವರಿಗೂ ಅನ್ವಯಿಸುತ್ತಿತ್ತು. ಆದರೆ ದುಡಿದದ್ದಕ್ಕೆ ದಾಖಲೆಯೇ ಇಲ್ಲದ ಮೇಲೆ ಪರಿಹಾರ ಕೇಳುವುದು ಹೇಗೆ? 1961ರಲ್ಲಿ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ದುಡಿಮೆ ಎಂದಿತು, ಮಕ್ಕಳನ್ನು ದುಡಿಸಬಾರದು ಎಂದಿತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ಒಂದೆರಡು ಲಾರಿಯ ಮಾಲೀಕರೇ ಹೆಚ್ಚಾಗಿದ್ದ ಈ ವ್ಯಾಪಾರದಲ್ಲಿ ಅದರ ಫಲ ಎಷ್ಟು ಮಂದಿಗೆ ತಲುಪಿರಬಹುದು, ನೀವೇ ಊಹಿಸಿ.

ಬೆಳೆದವರು, ಮರೆಯಾದವರು

ದಕ್ಷಿಣ ಭಾರತದ ಕೆಲವು ಸಾಗಣೆ ಕಂಪನಿಗಳು ಬಸ್ಸಿನಿಂದ ಶುರುವಾದವು. ಮಧುರೆಯ ಟಿ.ವಿ.ಎಸ್., ಪೊಳ್ಳಾಚಿಯ ಎ.ಬಿ.ಟಿ. ಹಾಗೆ ಬಂದವು. 1972ರಲ್ಲಿ ಅವರ ಬಸ್ಸುಗಳು ತಮಿಳುನಾಡು ಸರ್ಕಾರದ ಪಾಲಾದವು. ಪಾರ್ಸೆಲ್ ಸಾಗಣೆ ಅವರ ಕೈಯಲ್ಲಿ ಉಳಿಯಿತು. 1958ರಲ್ಲಿ ಪ್ರಭು ದಯಾಳ್ ಅಗರ್‌ವಾಲ್ ಕಲ್ಕತ್ತೆಯಲ್ಲಿ ಒಂದೇ ಲಾರಿಯಿಂದ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಆಫ್ ಇಂಡಿಯಾ ಕಟ್ಟಿದರು. ನಮ್ಮವರೇ ಆದ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿ, ಹುಬ್ಬಳ್ಳಿಯಲ್ಲಿ ನೆಲೆನಿಂತು, ವಿ.ಆರ್.ಎಲ್. ಸಂಸ್ಥೆಯನ್ನು ದೇಶದ ದೊಡ್ಡ ಸಾಗಣೆ ಕಂಪನಿಗಳ ಸಾಲಿಗೆ ತಂದರು.

1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಸಣ್ಣ ಸಾರಿಗೆದಾರರೂ ಆದ್ಯತೆಯ ಸಾಲಕ್ಕೆ ಅರ್ಹರಾದರು. ಎಷ್ಟೋ ಡ್ರೈವರುಗಳು ಮಾಲೀಕರಾದರು. ಆದರೆ ಜಿಲ್ಲೆಯೊಳಗಿನ ಹಳೆಯ ಕಂಪನಿಗಳಿಗೆ ಪೈಪೋಟಿಯೂ ಹೆಚ್ಚಿತು. ಪರ್ಮಿಟ್ಟಿನ ಬೇಲಿ ತೆಗೆದಾಗ ಹೊರಗೆ ಹೋಗುವ ದಾರಿ ತೆರೆದಂತೆಯೇ ದೊಡ್ಡವರು ಒಳಗೆ ಬರುವ ದಾರಿಯೂ ತೆರೆಯಿತು. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಗಿ ಊರೂರಿನ ಸುಂಕದ ಕಟ್ಟೆಗಳು ಹೋದವು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2018ರಿಂದ ಇ-ವೇ ಬಿಲ್ ಬಂತು. ಕಾಲದೊಡನೆ ಹೆಜ್ಜೆ ಹಾಕಲಾಗದ ಎಷ್ಟೋ ಲಾರಿ ಆಫೀಸುಗಳು ಬಾಗಿಲು ಮುಚ್ಚಿದವು. ಅವುಗಳ ಬಿಲ್ಟಿ ಪುಸ್ತಕಗಳು ರದ್ದಿ ಅಂಗಡಿ ಸೇರಿದವು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ

2007ರಲ್ಲಿ ಸರಕು ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ ಬಂತು. 2019ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕೈಚಳಕ ಇದ್ದೂ ಓದು ಇಲ್ಲದವರ ಹೊಟ್ಟೆಪಾಡಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ಲೈಸೆನ್ಸಿಗೆ ಓದು ಬೇಡ ಎಂದಾದರೆ ಬದುಕಿಗೂ ಓದು ಬೇಡ ಎಂದು ಯಾರೂ ತಿಳಿಯಬಾರದು. ಲಾರಿ ಓಡಿಸುವುದು ಮರ್ಯಾದೆಯ ದುಡಿಮೆ. ಆ ದುಡಿಮೆಯವನು ತಾನು ಸಹಿ ಹಾಕುವ ಕಾಗದವನ್ನು ತಾನೇ ಓದುವಂತಾಗಬೇಕು. ಅವನ ಮಗಳು, ಮಗ ಬಯಸಿದಷ್ಟು ಓದುವಂತಾಗಬೇಕು. ನಮ್ಮಂಥ ಸಂಘಗಳು ಇರುವುದು ಇದಕ್ಕಾಗಿಯೇ.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿಯಿತು. ಮರದ ಲೋಡು ಹೊತ್ತ ಒಂದು ಲಾರಿ ಚಾಲಕನ ಸಮೇತ ಗಂಗಾವಳಿ ನದಿಯ ಪಾಲಾಯಿತು. ಅದನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಆ ಎರಡು ತಿಂಗಳು ಎರಡು ರಾಜ್ಯಗಳ ಜನ ಒಬ್ಬ ಲಾರಿ ಚಾಲಕನಿಗಾಗಿ ಕಾದರು. ಹಿಂದಿನ ದಶಕಗಳಲ್ಲಿ ಇದೇ ಘಟ್ಟಗಳಲ್ಲಿ, ಇದೇ ಹೊಳೆಗಳಲ್ಲಿ ಪ್ರಾಣ ಬಿಟ್ಟ ಎಷ್ಟು ಮಂದಿಯ ಹೆಸರು ಇಂದು ನಮಗೆ ಗೊತ್ತಿದೆ?

ಆದ್ದರಿಂದ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಲಾರಿಯಲ್ಲಿ ದುಡಿದ ಹಿರಿಯರಿದ್ದರೆ ಅವರ ಹತ್ತಿರ ಕುಳಿತುಕೊಳ್ಳಿ. ಯಾವ ವಯಸ್ಸಿನಲ್ಲಿ ಕ್ಲೀನರಾಗಿ ಸೇರಿದರು, ಯಾವ ಕಂಪನಿ, ಯಾವ ಲಾರಿ, ಯಾವ ಸರಕು, ಎಷ್ಟು ಬೇಟಾ, ರಾತ್ರಿ ಎಲ್ಲಿ ಮಲಗುತ್ತಿದ್ದರು, ಶಾಲೆ ಯಾಕೆ ಬಿಟ್ಟರು ಎಂದು ಕೇಳಿ ಬರೆದುಕೊಳ್ಳಿ. ಹಳೆಯ ಫೋಟೋ, ಲೈಸೆನ್ಸ್, ಬಿಲ್ಟಿ ಸಿಕ್ಕಿದರೆ ಎಸೆಯಲು ಬಿಡಬೇಡಿ. ನೀವು ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ, ಅವರು ಸರಿ ಎಂದ ಮೇಲೆ ಕೆಳಗೆ ಅವರ ಹೆಸರು ಬರೆಯಿರಿ. ಊರೂರಿಗೆ ಸರಕು ಮುಟ್ಟಿಸಿದವರ ಹೆಸರು ಒಂದು ಕಾಗದದಲ್ಲಾದರೂ ಇರಲಿ.